ಒಳಕ್ಕೆ ಹೊರಳಿದ ಕೆಳರೆಪ್ಪೆ

ವಯಸ್ಸಾದವರ ಕಣ್ಣು ಸೋರುವುದನ್ನು ನಮ್ಮ ಮನೆಗಳಲ್ಲಿ ಯಾರೂ ರೋಗವೆಂದು ಎಣಿಸುವುದಿಲ್ಲ. ಸೆರಗಿನ ತುದಿಯಿಂದಲೋ ಹೆಗಲ ಮೇಲಣ ಪಂಚೆಯಿಂದಲೋ ಗಳಿಗೆಗೊಮ್ಮೆ ಕಣ್ಣೊರಸಿಕೊಳ್ಳುತ್ತ, ಬಿಸಿಲಿಗೆ ಬರಲಾರದೆ, ದೀಪದ ಎದುರಿಗೆ ಕೂರಲಾರದೆ, ಜಗಲಿಯ ಮೂಲೆಯೊಂದನ್ನು ಹಿಡಿದುಬಿಡುವ ಹಿರಿಯರನ್ನು ಕಂಡಾಗ, "ವಯಸ್ಸಾಯಿತಲ್ಲ" ಎಂಬ ಒಂದೇ ಮಾತಿನಿಂದ ಅವರ ಸಂಕಟಕ್ಕೆಲ್ಲ ಕಾರಣವನ್ನು ಹೇಳಿ ಮುಗಿಸಿದೆವೆಂದು ತಿಳಿದು ನಮ್ಮ ನಮ್ಮ ಕೆಲಸಕ್ಕೆ ನಾವು ಹೊರಟುಹೋಗುತ್ತೇವೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ವಯಸ್ಸಿನಿಂದ ಬಂದದ್ದೆಲ್ಲವೂ ವಯಸ್ಸಿನ ಜೊತೆಗೇ ಹೋಗತಕ್ಕದ್ದೆಂದು ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ. ಕಣ್ಣು ಸೋರುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಒಂದಂತೂ ಅರ್ಧ ಗಂಟೆಯಿಂದ ಒಂದು ಗಂಟೆಯ ಶಸ್ತ್ರಚಿಕಿತ್ಸೆಯಿಂದ ನೇರ್ಪಡಿಸಬಹುದಾದ ಒಂದು ಸಡಿಲಿಕೆ ಮಾತ್ರ. ಈ ಬರಹದ ವಿಷಯ ಅದು.

ನನ್ನ ಸೋದರತ್ತೆಯವರ ಪ್ರಸಂಗದಲ್ಲಿ ಈ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬ. ಮಲೆನಾಡಿನ ಹಳ್ಳಿಯೊಂದರಲ್ಲಿ, ಅಡಕೆ ತೋಟದ ಮೇಲ್ಗಡೆಯ ಹಳೆಯ ಮನೆಯಲ್ಲಿ ವಾಸವಾಗಿರುವ ಅವರಿಗೆ ಆಗ 76 ವರ್ಷ. ಬಲಗಣ್ಣು ಕೆಂಪೇರಿ, ದಿನವೆಲ್ಲ ನೀರು ಸುರಿದು, ಬೆಳಿಗ್ಗೆ ಏಳುವ ಹೊತ್ತಿಗೆ ಪಿಸುರು ಕಟ್ಟಿ ರೆಪ್ಪೆಗಳೆರಡೂ ಅಂಟಿಕೊಂಡಿರುತ್ತಿದ್ದುವು. ಬಚ್ಚಲೊಲೆಯ ಹೊಗೆಯೇ ಇದಕ್ಕೆ ಮೂಲವೆಂದು ಮನೆಯವರು ನಿಶ್ಚಯಿಸಿದರು. ಹೊಗೆಯಿಂದ ದೂರವಿರಿಸಿದ್ದಾಯಿತು, ನಂದಿಬಟ್ಟಲು ಹೂವಿನ ರಸವನ್ನು ಬಿಟ್ಟದ್ದಾಯಿತು, ಪೇಟೆಯ ಔಷಧದ ಅಂಗಡಿಯಿಂದ ತಂದ ಹನಿಗಳನ್ನು ಒಂದಾದ ಮೇಲೊಂದರಂತೆ ಹಾಕಿದ್ದೂ ಆಯಿತು. ಎಂಟು ತಿಂಗಳು ಹೀಗೆ ಕಳೆದುವು. "ಕಣ್ಣೊಳಗೆ ಮುಳ್ಳು ಮುರಿದು ಕೂತ ಹಾಗೆ ಆಗ್ತದೆ ಕಣೋ" ಎಂದು ಅವರು ಹೇಳುತ್ತಲೇ ಇದ್ದರು, ನಾವು ಅದನ್ನು ನೊಂದವರ ಉಪಮಾಲಂಕಾರವೆಂದು ಕೇಳಿಸಿಕೊಳ್ಳುತ್ತಲೇ ಇದ್ದೆವು. ಅದು ಅಕ್ಷರಶಃ ನಿಜವಾಗಿತ್ತೆಂಬುದು ನಮಗೆ ಗೊತ್ತಾದದ್ದು ಶಿವಮೊಗ್ಗೆಯ ನೇತ್ರವೈದ್ಯರೊಬ್ಬರು ಅವರನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂರಿಸಿ, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ತುಸು ಕೆಳಕ್ಕೆ ಎಳೆದು ತೋರಿಸಿದಾಗ. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಎವೆಗೂದಲುಗಳ ಒಂದು ಸಾಲು, ನೀರಿನಲ್ಲಿ ನೆನೆದು ಗುಂಪು ಗುಂಪಾಗಿ ಅಂಟಿಕೊಂಡು, ಕಣ್ಣಿನ ಒಳಗಡೆಯಿಂದ ಹೊರಕ್ಕೆ ಬಂದಿತು. ಬೆರಳನ್ನು ತೆಗೆದು, ಅತ್ತೆ ಒಮ್ಮೆ ಕಣ್ಣು ಮಿಟುಕಿಸಿದೊಡನೆ ಆ ಸಾಲೆಲ್ಲ ಮತ್ತೆ ಒಳಕ್ಕೆ ಮಗುಚಿ ಕಾಣದಾಯಿತು.

ನಮ್ಮ ಭಾಷೆಯಲ್ಲಿ 'ಎವೆ' ಎಂಬ ಶಬ್ದಕ್ಕೆ ರೆಪ್ಪೆಯೆಂಬ ಅರ್ಥವೂ ಉಂಟು, ರೆಪ್ಪೆಯ ಕೂದಲೆಂಬ ಅರ್ಥವೂ ಉಂಟು. ಆರೋಗ್ಯವಂತನ ಕಣ್ಣಿನಲ್ಲಿ ಎರಡಕ್ಕೂ ಕೆಲಸ ಒಂದೇ ಆಗಿರುವುದರಿಂದ ಈ ಅಭೇದ ಸಹಜವಾಗಿಯೇ ಬಂದಿರಬೇಕು. ಮಕ್ಕಳನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿದರೆಂದು ಹೇಳುವಾಗ ನಾವು ನೆನೆಯುವುದು ಈ ರಕ್ಷಣೆಯನ್ನೇ. ಇಲ್ಲಿ ಮಾತ್ರ ಅವೆರಡನ್ನೂ ಬೇರ್ಪಡಿಸಿ ಹೇಳುವುದು ಅವಶ್ಯ. ಕೂದಲು ತಾನು ಹುಟ್ಟಬೇಕಾದ ಎಡೆಯಲ್ಲಿಯೇ, ಬೆಳೆಯಬೇಕಾದ ದಿಕ್ಕಿಗೇ ಬೆಳೆದಿರುತ್ತದೆ. ಆದರೆ ಅದನ್ನು ಹೊತ್ತಿರುವ ರೆಪ್ಪೆಯ ಅಂಚೇ ಕಣ್ಣುಗುಡ್ಡೆಯ ಕಡೆಗೆ ಹೊರಳಿಕೊಂಡುಬಿಡುತ್ತದೆ. ವೈದ್ಯರು ಇದನ್ನು ಎಂಟ್ರೋಪಿಯನ್ ಎಂದು ಕರೆಯುತ್ತಾರೆ. 'ಒಳಕ್ಕೆ ತಿರುಗು' ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಹೆಸರು. ಈ ಭೇದವನ್ನು ಅರಿಯದ ಕಡೆಗಳಲ್ಲಿಯೇ ಚಿಮಟದಿಂದ ಕೂದಲು ಕೀಳುವ ಚಿಕಿತ್ಸೆ ನಡೆಯುತ್ತದೆ. ಕಿತ್ತ ಕೂದಲು ಕೆಲವು ವಾರಗಳಲ್ಲಿ ಮತ್ತೆ ಹುಟ್ಟಿ, ಇನ್ನೂ ಮೊಂಡಾದ ಬಿರುಸು ತುದಿಯಿಂದ ಚುಚ್ಚುತ್ತದೆ. ಹೊರಳಿದ ಅಂಚು ಹೊರಳಿದಂತೆಯೇ ಇರುತ್ತದೆ.

ಚುಚ್ಚಿಸಿಕೊಳ್ಳುವುದು ಎಂಥ ಅವಯವವೆಂಬುದನ್ನು ಸ್ವಲ್ಪ ಆಲೋಚಿಸಬೇಕು. ಕರಿಗುಡ್ಡೆಯ ಮುಂದುಗಡೆ ಗಡಿಯಾರದ ಗಾಜಿನಂತೆ ಕವಿದುಕೊಂಡಿರುವ ಕಾರ್ನಿಯಾ ಎಂಬ ಪಾರದರ್ಶಕ ಪಟಲವು ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರಿನಷ್ಟು ಮಾತ್ರ ದಪ್ಪವಾಗಿರುತ್ತದೆ. ಬೆಳಕು ನಿರಾತಂಕವಾಗಿ ಒಳಹೋಗಲೆಂದು ಅದರಲ್ಲಿ ರಕ್ತನಾಳಗಳನ್ನು ಇರಿಸದ ಪ್ರಕೃತಿಯು, ಅಪಾಯ ಬಂದೊಡನೆ ತಿಳಿಯಲೆಂದು ನರತಂತುಗಳನ್ನು ಮಾತ್ರ ಚರ್ಮದಲ್ಲಿರುವುದಕ್ಕಿಂತ ನೂರಾರು ಪಾಲು ದಟ್ಟವಾಗಿ ಹೆಣೆದಿಟ್ಟಿದೆ. ಒಂದು ಧೂಳಿನ ಕಣ ಬಿದ್ದರೆ ನಾವು ಪಡುವ ಪಾಡು ಎಲ್ಲರಿಗೂ ಗೊತ್ತಷ್ಟೆ. ಇನ್ನು, ಎಚ್ಚರವಿರುವಾಗ ಮನುಷ್ಯ ನಿಮಿಷಕ್ಕೆ ಹನ್ನೆರಡರಿಂದ ಹದಿನೈದು ಬಾರಿ ಕಣ್ಣು ಮಿಟುಕಿಸುತ್ತಾನೆ. ವಿದೇಹದ ನಿಮಿ ಚಕ್ರವರ್ತಿಯು ದೇಹವನ್ನು ಕಳೆದುಕೊಂಡ ಮೇಲೆ ಸಕಲ ಜೀವಿಗಳ ರೆಪ್ಪೆಗಳಲ್ಲಿ ನೆಲೆಸಿದನೆಂದೂ, ಆದುದರಿಂದಲೇ ಮನುಷ್ಯರು ಎವೆಯಿಕ್ಕುವರೆಂದೂ ಪುರಾಣದಲ್ಲಿ ಹೇಳಿದೆ. ದಿನವೊಂದಕ್ಕೆ ಹನ್ನೊಂದು ಸಾವಿರಕ್ಕೂ ಮೇಲ್ಪಟ್ಟು ನಡೆಯುವ ಈ ಕ್ರಿಯೆಯು ಕಾರ್ನಿಯಾವನ್ನು ತೇವವಾಗಿಟ್ಟು ಕಾಪಾಡುವುದಕ್ಕಾಗಿ ಏರ್ಪಟ್ಟದ್ದು. ಕೆಳರೆಪ್ಪೆಯ ಎಪ್ಪತ್ತು ಎಪ್ಪತ್ತೈದು ಕೂದಲುಗಳು ಒಳಮುಖವಾದ ದಿನದಿಂದ ಅದೇ ಕ್ರಿಯೆಯು ದಿನಕ್ಕೆ ಹನ್ನೊಂದು ಸಾವಿರ ಬಾರಿ ಆ ಪಟಲವನ್ನು ಕುಂಚದಿಂದ ಉಜ್ಜುವ ಕ್ರಿಯೆಯಾಗುತ್ತದೆ. ಮೇಲುಪದರದ ಗೀರುಗಳು ಒಂದೆರಡು ದಿನಗಳಲ್ಲಿ ಮಾಯಬಲ್ಲುವು. ಆದರೆ ಮಾಯಲು ಬಿಡುವೇ ಸಿಗದಿದ್ದಾಗ ಆ ಗೀರುಗಳಲ್ಲಿ ರೋಗಾಣುಗಳು ಹೊಕ್ಕು ಹುಣ್ಣಾಗುತ್ತದೆ, ಹುಣ್ಣು ಒಳಪದರಕ್ಕೆ ಇಳಿದರೆ ವಾಸಿಯಾದ ಮೇಲೂ ಬಿಳಿಯ ಕಲೆ ನಿಲ್ಲುತ್ತದೆ, ಆ ಕಲೆ ನಟ್ಟನಡುವೆ ನಿಂತರೆ ದೃಷ್ಟಿಯೇ ಹೋಗುತ್ತದೆ. ರೆಪ್ಪೆಯನ್ನು ಸರಿಪಡಿಸುವುದು ಸುಲಭ. ಕಲೆಗಟ್ಟಿದ ಕಾರ್ನಿಯಾಕ್ಕೆ ಸತ್ತವರೊಬ್ಬರ ಕಣ್ಣಿನ ದಾನವನ್ನು ಕಾಯಬೇಕಾಗುತ್ತದೆ. ತಡಮಾಡಬಾರದೆಂದು ನಾನು ಇಷ್ಟು ಒತ್ತಿ ಹೇಳುವುದು ಈ ಕಾರಣಕ್ಕಾಗಿ.

ಒಳ್ಳೆಯದು, ಎಪ್ಪತ್ತು ವರ್ಷ ನೆಟ್ಟಗಿದ್ದ ಅಂಚು ಈಗ ಹೊರಳುವುದೇಕೆ? ಕೆಳರೆಪ್ಪೆಯು ಹೊರಗಿನಿಂದ ಒಂದು ಚರ್ಮದ ಮಡಿಕೆಯಂತೆ ತೋರಿದರೂ ಅದರ ರಚನೆಯಲ್ಲಿ ಆಶ್ಚರ್ಯಪಡತಕ್ಕ ಸಮತೋಲವಿದೆ. ಮುಂದುಗಡೆ ಚರ್ಮ, ಅದರ ಹಿಂದೆ ಕಣ್ಣನ್ನು ಬಳೆಯಂತೆ ಸುತ್ತುವರಿದು ಮುಚ್ಚಿಸುವ ಸ್ನಾಯು, ಅದರ ಹಿಂದೆ ಟಾರ್ಸಸ್ ಎಂಬ ಗಟ್ಟಿಯಾದ ತಂತುಫಲಕ, ಮೇಲುರೆಪ್ಪೆಯಲ್ಲಿ ಸುಮಾರು ಹತ್ತು ಮಿಲಿಮೀಟರು ಎತ್ತರವಾದದ್ದು ಇಲ್ಲಿ ನಾಲ್ಕೇ ಮಿಲಿಮೀಟರು, ಎಲ್ಲಕ್ಕೂ ಹಿಂದೆ ಕಣ್ಣುಗುಡ್ಡೆಗೆ ತಾಗುವ ನುಣುಪಾದ ಒಳಪೊರೆ. ಈ ಕಿರುಫಲಕವು ನೆಟ್ಟಗೆ ನಿಂತಿರಬೇಕಾದರೆ ಅದಕ್ಕೆ ಎರಡು ಕಡೆಯ ಬಿಗಿ ಬೇಕು. ಮೂಗಿನ ಕಡೆಯ ಮೂಲೆಯಲ್ಲಿ ಒಂದು, ಕಪೋಲದ ಕಡೆಯ ಮೂಲೆಯಲ್ಲಿ ಒಂದು, ಹೀಗೆ ಎರಡು ರಜ್ಜುಗಳು ಅದನ್ನು ಎಲುಬಿಗೆ ಅಡ್ಡಲಾಗಿ ಎಳೆದು ಕಟ್ಟಿರುತ್ತವೆ. ಇದಲ್ಲದೆ, ಕಣ್ಣನ್ನು ಕೆಳಕ್ಕೆ ತಿರುಗಿಸುವ ಸ್ನಾಯುವಿನ ಹೊದಿಕೆಯಿಂದ ಹೊರಟ ತೆಳುವಾದ ಬಿಳಿಯ ಪದರವೊಂದು ಫಲಕದ ಕೆಳ ಅಂಚಿಗೆ ಅಂಟಿಕೊಂಡು ಅದನ್ನು ಕೆಳಕ್ಕೆ ಹಿಡಿದಿರುತ್ತದೆ. ನಾವು ನೆಲವನ್ನು ನೋಡಿದಾಗ ಕೆಳರೆಪ್ಪೆಯೂ ತಾನಾಗಿ ಇಳಿಯುವುದು ಈ ಪದರದ ಎಳೆತದಿಂದ.

ವಯಸ್ಸು ಈ ಕಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತದೆ. ಅಡ್ಡಲಾಗಿ ಎಳೆದ ರಜ್ಜುಗಳು, ಬಹುಕಾಲ ಬಟ್ಟೆ ಹರವಿದ ಹಗ್ಗದಂತೆ, ಜೋಲುತ್ತವೆ. ಕೆಳಕ್ಕೆ ಹಿಡಿದ ಪದರವು ತೆಳುವಾಗಿ, ಕೆಲವೊಮ್ಮೆ ಫಲಕದ ಅಂಚಿನಿಂದ ಪೂರ್ತಿಯಾಗಿ ಕಳಚಿಕೊಳ್ಳುತ್ತದೆ. ಆಗ ಫಲಕದ ಕೆಳ ಅಂಚಿಗೆ ಹಿಡಿತ ತಪ್ಪಿ ಅದು ಹೊರಕ್ಕೆ ಜಾರುತ್ತದೆ, ಮೇಲಿನ ಅಂಚು ಒಳಕ್ಕೆ ವಾಲುತ್ತದೆ. ಇದೇ ಹೊತ್ತಿಗೆ, ಚರ್ಮದ ಅಡಿಯ ಬಳೆಸ್ನಾಯುವಿಗೂ ಅದರ ಹಿಂದಿನ ಪದರಕ್ಕೂ ಇದ್ದ ಅಂಟು ಬಿಟ್ಟುಹೋಗಿರುವುದರಿಂದ, ಕಣ್ಣು ಮುಚ್ಚಿದಾಗಲೆಲ್ಲ ಆ ಸ್ನಾಯುವಿನ ಕೆಳಭಾಗವು ಮೇಲಕ್ಕೆ ಸರಿದು ಮೇಲ್ಭಾಗದ ಮೇಲೆ ಹತ್ತಿ ಕೂತು, ವಾಲಿದ ಅಂಚನ್ನು ಕಣ್ಣಿನೊಳಕ್ಕೆ ಒತ್ತಿಬಿಡುತ್ತದೆ. ಹಳೆಯ ಚಾಪೆಯ ಅಂಚಿನ ಹೊಲಿಗೆ ಬಿಚ್ಚಿದ ಮೇಲೆ ಅದು ತನ್ನಷ್ಟಕ್ಕೆ ಸುರುಳಿಯಾಗುವುದನ್ನು ನೋಡಿದವರಿಗೆ ಈ ವ್ಯಾಪಾರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಇದೇ ಸಡಿಲಿಕೆಯಿಂದ ಕೆಲವರಲ್ಲಿ ರೆಪ್ಪೆ ಒಳಕ್ಕೆ ಹೊರಳುವ ಬದಲು ಹೊರಕ್ಕೆ ಜೋತುಬೀಳುವುದೂ ಉಂಟು. ಅದರ ಚಿಕಿತ್ಸೆ ಬೇರೆ, ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಒಂದು ವಿಷವೃತ್ತವೂ ಇದರಲ್ಲಿ ಸೇರಿಕೊಳ್ಳುತ್ತದೆ. ಕೂದಲು ಚುಚ್ಚಿದೊಡನೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಬಿಗಿಯಾಗಿ ಮುಚ್ಚಿದಷ್ಟೂ ರೆಪ್ಪೆ ಹೆಚ್ಚು ಹೊರಳುತ್ತದೆ. ಹೊರಳಿದಷ್ಟೂ ಹೆಚ್ಚು ಚುಚ್ಚುತ್ತದೆ. ಮೊದಮೊದಲು ದಿನಕ್ಕೆ ನಾಲ್ಕಾರು ಬಾರಿ ಹೊರಳಿ ಮತ್ತೆ ಸರಿಹೋಗುತ್ತಿದ್ದ ರೆಪ್ಪೆ, ಕೆಲವು ತಿಂಗಳಲ್ಲಿ ಹೊರಳಿದಂತೆಯೇ ನಿಲ್ಲುವುದು ಇದರಿಂದ. ಮೊದಲ ಹಂತದಲ್ಲಿ ವೈದ್ಯರ ಬಳಿಗೆ ಹೋದವರ ರೆಪ್ಪೆ ಆ ಕ್ಷಣಕ್ಕೆ ಸರಿಯಾಗಿಯೇ ಇದ್ದು ರೋಗ ಗುರುತಿಗೆ ಸಿಕ್ಕದೆ ಹೋಗುವುದೂ ಉಂಟೆಂಬುದನ್ನು ನೆನಪಿಡಬೇಕು. ಬ್ರೆಜಿಲ್ ದೇಶದಲ್ಲಿ ಅರುವತ್ತು ದಾಟಿದ ಸಾವಿರಾರು ಜನರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಇಬ್ಬರಲ್ಲಿ ಈ ದೋಷ ಕಂಡಿತೆಂದೂ, ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚೆಂದೂ ವರದಿಯಾಗಿದೆ. ಅಪರೂಪದ ರೋಗವೆಂದು ತಳ್ಳಿಹಾಕುವಂತಿಲ್ಲ.

ರೆಪ್ಪೆ ಒಳಸರಿಯುವ ಇನ್ನೊಂದು ಬಗೆ ನಮ್ಮ ದೇಶಕ್ಕೆ ಬಹು ಪುರಾತನ ಕಾಲದಿಂದ ಪರಿಚಿತವಾದದ್ದು. ಟ್ರಕೋಮಾ ಎಂಬ ಸೋಂಕು ಬಾಲ್ಯದಿಂದ ಮೇಲಿಂದ ಮೇಲೆ ತಗುಲಿ, ಮೇಲುರೆಪ್ಪೆಯ ಒಳಪೊರೆಯಲ್ಲಿ ಕಲೆಗಟ್ಟಿ, ಆ ಕಲೆ ಕುಗ್ಗುತ್ತ ರೆಪ್ಪೆಯನ್ನು ಒಳಕ್ಕೆ ಎಳೆದು, ಲಕ್ಷಾಂತರ ಜನರನ್ನು ಕುರುಡಾಗಿಸಿತ್ತು. ಭಾರತವು ಈ ಪಿಡುಗನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂಬ ಮಟ್ಟದಿಂದ ನಿವಾರಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಪ್ರಮಾಣಪತ್ರವನ್ನು ಕೊಟ್ಟಿತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಹೇಳಿರುವ ಇಪ್ಪತ್ತೊಂದು ರೆಪ್ಪೆಯ ರೋಗಗಳಲ್ಲಿ ಪಕ್ಷ್ಮಕೋಪವೂ ಒಂದು; ಕೂದಲುಗಳು ಒಳದಿಕ್ಕಿಗೆ ತಿರುಗಿ ಕಣ್ಣನ್ನು ಉಜ್ಜುವ ಆ ವ್ಯಾಧಿಗೆ ಹದಿನಾರನೆಯ ಅಧ್ಯಾಯವೇ ಮೀಸಲಾಗಿದೆ. ಹುಬ್ಬಿಗೂ ಎವೆಗೂದಲಿಗೂ ನಡುವೆ ಎರಡು ಪಾಲು ಮೇಲುಗಡೆ ಬಿಟ್ಟು, ಒಂದು ಪಾಲು ಕೆಳಗಡೆ ಬಿಟ್ಟು, ಜವೆಯ ಕಾಳಿನ ಪ್ರಮಾಣದಲ್ಲಿ ಚರ್ಮವನ್ನು ಅಡ್ಡಲಾಗಿ ಛೇದಿಸಿ ತೆಗೆದು, ಕೂದಲಿನಿಂದ ಹೊಲಿದು, ಜೇನುತುಪ್ಪವನ್ನೂ ತುಪ್ಪವನ್ನೂ ಲೇಪಿಸಿ, ಹಣೆಗೆ ಪಟ್ಟಿಯೊಂದನ್ನು ಕಟ್ಟಿ ಹೊಲಿಗೆಯ ಎಳೆಗಳನ್ನು ಆ ಪಟ್ಟಿಗೆ ಬಿಗಿದು, ಗಾಯ ಕೂಡಿಕೊಂಡ ಮೇಲೆ ಅವನ್ನು ತೆಗೆಯಬೇಕೆಂಬ ವಿಧಾನವನ್ನು ಓದುವಾಗ, ಮೇಜಿನ ಬಳಿ ನಿಂತು ಕಂಡವನು ಬರೆದದ್ದೆಂಬ ಭಾವನೆ ಯಾರಿಗಾದರೂ ಬರುತ್ತದೆ. ರೋಮಿನಲ್ಲಿ ಕ್ರಿಸ್ತಶಕ ಮೊದಲನೆಯ ಶತಮಾನದ ಸೆಲ್ಸಸ್ ಹೇಳಿದ ಚಿಕಿತ್ಸೆಯೂ ಚರ್ಮದ ಪಟ್ಟಿಯನ್ನು ಛೇದಿಸಿ ಹೊಲಿಯುವುದೇ. ಮುಂದುಗಡೆಯ ಚರ್ಮವನ್ನು ಕಿರಿದುಮಾಡಿದರೆ ಅಂಚು ಹೊರಕ್ಕೆ ಎಳೆಯಲ್ಪಡುವುದೆಂಬುದು ಈ ಎಲ್ಲ ಪ್ರಾಚೀನರ ತರ್ಕ.

ಆ ತರ್ಕ ತಪ್ಪಲ್ಲ, ಆದರೆ ಮುಪ್ಪಿನ ಕೆಳರೆಪ್ಪೆಗೆ ಅದು ಸಾಲದು. ಅಲ್ಲಿ ಚರ್ಮ ಹೆಚ್ಚಾಗಿರುವುದು ಗೌಣ. ಕಟ್ಟು ಕಳಚಿರುವುದು ಮುಖ್ಯ. ಈ ವಿವೇಚನೆ ಶಸ್ತ್ರವೈದ್ಯರಿಗೆ ಬರುವುದಕ್ಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಬೇಕಾಯಿತು. ರೆಪ್ಪೆಯನ್ನು ಅಡ್ಡಲಾಗಿ ಆರಪಾರ ಸೀಳಿ ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿಯುವ ಕ್ರಮವನ್ನು ವೀಸ್ ಎಂಬ ಅಮೆರಿಕದ ವೈದ್ಯರು 1955ರಲ್ಲಿ ಪ್ರಕಟಿಸಿದರು. ಕೆಳಕ್ಕೆ ಹಿಡಿಯುವ ಪದರದ ಶೈಥಿಲ್ಯವೇ ಈ ರೋಗದ ಬೀಜವೆಂದು ಗುರುತಿಸಿ, ಆ ಪದರವನ್ನೇ ಬಿಗಿಮಾಡುವ ಶಸ್ತ್ರಕ್ರಿಯೆಯನ್ನು ಲೆಸ್ಟರ್ ಜೋನ್ಸ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ವಿವರಿಸಿದರು. ಕ್ವಿಕರ್ಟ್ ಮತ್ತು ರಾತ್‌ಬನ್ ಎಂಬಿಬ್ಬರು 1971ರಲ್ಲಿ, ಕೊಯ್ಯುವ ಗೋಜಿಲ್ಲದೆ ಮೂರು ಹೊಲಿಗೆಗಳಿಂದಲೇ ಅಂಚನ್ನು ಹೊರಕ್ಕೆ ತಿರುಗಿಸುವ ಉಪಾಯವನ್ನು ತಿಳಿಸಿದರು. ಆಂಡರ್ಸನ್ ಮತ್ತು ಗಾರ್ಡಿ 1979ರಲ್ಲಿ, ಜೋತುಬಿದ್ದ ರೆಪ್ಪೆಯ ಹೊರಮೂಲೆಯನ್ನು ಮತ್ತೆ ಎಲುಬಿಗೆ ಬಿಗಿಯುವ ಕ್ರಮವನ್ನು ಹೇಳಿದರು. ತೆಗೆದುಹಾಕುವ ವಿದ್ಯೆಯು ಹೀಗೆ ಕಾಲು ಶತಮಾನದೊಳಗೆ ಮರಳಿ ಕಟ್ಟುವ ವಿದ್ಯೆಯಾಯಿತು. ನನ್ನ ಅಭಿಪ್ರಾಯದಲ್ಲಿ ಈ ಶಾಸ್ತ್ರದ ನಿಜವಾದ ಮುನ್ನಡೆ ಇದು. ಇಂದು ಬಲ್ಲವರು ಮಾಡುವ ಶಸ್ತ್ರಕ್ರಿಯೆಗಳೆಲ್ಲ ಬಹುಮಟ್ಟಿಗೆ ಇವುಗಳ ಸಂಯೋಜನೆಗಳೇ.

ಯಾವ ಕಟ್ಟು ಎಷ್ಟು ಸಡಿಲವಾಗಿದೆಯೆಂದು ಅರಿಯುವುದಕ್ಕೆ ದೊಡ್ಡ ಯಂತ್ರಗಳೇನೂ ಬೇಕಾಗುವುದಿಲ್ಲ. ಅತ್ತೆಯವರನ್ನು ಪರೀಕ್ಷಿಸಿದ ವೈದ್ಯರು ಮೊದಲು, "ಅಮ್ಮಾ, ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿ, ಈಗ ಮೆಲ್ಲನೆ ತೆರೆಯಿರಿ" ಎಂದರು. ರೆಪ್ಪೆ ಹೊರಳುವುದನ್ನು ನೋಡಿದರು. ಬಳಿಕ ಕೆಳರೆಪ್ಪೆಯನ್ನು ಎರಡು ಬೆರಳುಗಳಿಂದ ಹಿಡಿದು ಕಣ್ಣುಗುಡ್ಡೆಯಿಂದ ಮುಂದಕ್ಕೆ ಎಳೆದರು. ಆರು ಮಿಲಿಮೀಟರಿಗಿಂತ ಹೆಚ್ಚು ದೂರ ಬಂದರೆ ಸಡಿಲವೆಂದು ಲೆಕ್ಕ. ಅನಂತರ ಅದನ್ನು ಕೆಳಕ್ಕೆಳೆದು ಕೈಬಿಟ್ಟರು. ಬಿಗಿಯಾದ ರೆಪ್ಪೆ ಬಿಟ್ಟ ಬಾಣದಂತೆ ಥಟ್ಟನೆ ಸ್ವಸ್ಥಾನಕ್ಕೆ ಹೋಗುತ್ತದೆ. ಅತ್ತೆಯವರದು ಜೋತು ನಿಂತಿತ್ತು, ಕಣ್ಣು ಮಿಟುಕಿಸಿದ ಮೇಲೆಯೇ ಹಿಂದಕ್ಕೆ ಹೋದದ್ದು. ರೆಪ್ಪೆಯ ಒಳಮೈಯನ್ನು ಮಗುಚಿ ಕಲೆಗಳೇನಾದರೂ ಇವೆಯೇ ಎಂದು ನೋಡಿ, ಹಳದಿಯ ಬಣ್ಣದ ಹನಿಯೊಂದನ್ನು ಹಾಕಿ ನೀಲಿಬೆಳಕಿನಲ್ಲಿ ಕಾರ್ನಿಯಾವನ್ನು ಪರೀಕ್ಷಿಸಿದಾಗ, ಗೀರುಗಳೆಲ್ಲ ಹಸುರಾಗಿ ಹೊಳೆದುವು. ಎಂಟು ತಿಂಗಳ ನಮ್ಮ ಅಲಕ್ಷ್ಯದ ಗೆರೆಗಳೇ ಅವು. ಹುಣ್ಣು ಆಗಿರಲಿಲ್ಲವೆಂಬುದು ನಮ್ಮ ಭಾಗ್ಯ.

ಶಸ್ತ್ರಕ್ರಿಯೆಯ ದಿನ ಬರುವವರೆಗೆ ಮಾಡಬಹುದಾದ ಉಪಶಮನಗಳು ಕೆಲವಿವೆ. ಕೆಳರೆಪ್ಪೆಯ ಕೂದಲಿಗೆ ತುಸು ಕೆಳಗೆ ಔಷಧದ ಅಂಗಡಿಯಲ್ಲಿ ದೊರೆಯುವ ಅಂಟುಪಟ್ಟಿಯ ಒಂದು ತುದಿಯನ್ನು ಅಂಟಿಸಿ, ಚರ್ಮವನ್ನು ಕೆನ್ನೆಯ ಕಡೆಗೆ, ತುಸು ಹೊರಓರೆಯಾಗಿ ಎಳೆದು ಇನ್ನೊಂದು ತುದಿಯನ್ನು ಅಂಟಿಸಿದರೆ ಅಂಚು ತಾತ್ಕಾಲಿಕವಾಗಿ ಹೊರಕ್ಕೆ ನಿಲ್ಲುತ್ತದೆ. ಮೊದಲ ಸಲ ವೈದ್ಯರೋ ದಾದಿಯೋ ಮಾಡಿ ತೋರಿಸಿದರೆ ಮನೆಯವರು ಕಲಿತುಕೊಳ್ಳಬಹುದು. ಕಣ್ಣೀರಿನಂತಹ ಹನಿಗಳೂ ಮುಲಾಮುಗಳೂ ಉಜ್ಜಾಟದ ಉಗ್ರತೆಯನ್ನು ತಗ್ಗಿಸುತ್ತವೆ. ಬಳೆಸ್ನಾಯುವಿಗೆ ಬೊಟುಲಿನಮ್ ಚುಚ್ಚುಮದ್ದನ್ನು ಕೊಟ್ಟು ಅದರ ಬಿಗಿತವನ್ನು ಕೆಲವು ತಿಂಗಳ ಮಟ್ಟಿಗೆ ಇಳಿಸುವುದೂ ಉಂಟು. ಇವುಗಳಲ್ಲಿ ಯಾವುದೂ ಕಳಚಿದ ಕಟ್ಟನ್ನು ಕಟ್ಟಲಾರದು. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕು: ಕೆಂಪು ಇಳಿಯಲೆಂದು ಅಂಗಡಿಯವರು ಕೊಡುವ ಹನಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುವು ಹಲವಿವೆ, ಗೀರುಬಿದ್ದ ಕಾರ್ನಿಯಾಕ್ಕೆ ಅವು ವೈದ್ಯರ ಅಪ್ಪಣೆಯಿಲ್ಲದೆ ಬಿದ್ದರೆ ಸೋಂಕು ಬಲಿತು ಕಣ್ಣಿಗೇ ಕೇಡು. ಹೂವಿನ ರಸ, ಎದೆಹಾಲು, ಹರಳೆಣ್ಣೆ ಮುಂತಾದುವನ್ನು ಗಾಯಗೊಂಡ ಕಣ್ಣಿಗೆ ಬಿಡುವುದೂ ರೋಗಾಣುಗಳನ್ನು ಒಳಕ್ಕೆ ಕರೆದಂತೆಯೇ.

"ಈ ವಯಸ್ಸಿಗೆ ಕಣ್ಣಿಗೆ ಕತ್ತಿ ಹಾಕಿಸ್ಕೊಳ್ಳೋದು ಬೇಡ ಮಗಾ, ಇನ್ನೆಷ್ಟು ದಿನ ಇರ್ತೇನೆ" ಎಂದು ಅತ್ತೆ ಹಿಂಜರಿದರು. ಹಿರಿಯರು ಬಹಳ ಮಂದಿ ಆಡುವ ಮಾತು ಇದು, ಇದಕ್ಕೆ ಸಮಾಧಾನವಾಗಿ ಉತ್ತರಕೊಡುವುದು ನಮ್ಮ ಕರ್ತವ್ಯ. ಕತ್ತಿ ಕಣ್ಣುಗುಡ್ಡೆಯ ಒಳಕ್ಕೆ ಹೋಗುವುದೇ ಇಲ್ಲ. ಕೆಲಸವೆಲ್ಲ ರೆಪ್ಪೆಯ ಮೇಲೆ. ಪೂರ್ಣ ಪ್ರಜ್ಞೆ ತಪ್ಪಿಸುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಎಂಬತ್ತು ತೊಂಬತ್ತರ ಪ್ರಾಯದವರಿಗೂ ಇದನ್ನು ಮಾಡಬಹುದು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವವರು ಮೊದಲೇ ತಿಳಿಸಬೇಕು. ಅವನ್ನು ತಾವಾಗಿ ನಿಲ್ಲಿಸಕೂಡದು, ಕೊಟ್ಟ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವು ಹತೋಟಿಯಲ್ಲಿರಬೇಕು. ಇಷ್ಟನ್ನೂ ವೈದ್ಯರೇ ಅವರ ಪಕ್ಕದಲ್ಲಿ ಕುಳಿತು ಹೇಳಿದ ಮೇಲೆ ಅತ್ತೆ ಒಪ್ಪಿದರು.

ನಡೆದ ಕ್ರಮವನ್ನು ಅವರ ಬಾಯಿಂದಲೂ ವೈದ್ಯರ ಬಾಯಿಂದಲೂ ಕೇಳಿ ತಿಳಿದಂತೆ ಬರೆಯುತ್ತೇನೆ. ಮೊದಲು ಕಣ್ಣಿಗೆ ಮರವು ತರುವ ಹನಿ. ಆಮೇಲೆ ರೆಪ್ಪೆಗೆ ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಚುಚ್ಚುಮದ್ದು. ಉರಿದದ್ದು ಅದೊಂದೇ, ಅದೂ ಅರೆನಿಮಿಷ. ರಕ್ತನಾಳಗಳು ಸಂಕೋಚಗೊಳ್ಳಲೆಂದು ಕೆಲವು ನಿಮಿಷ ಕಾದು, ಎವೆಗೂದಲುಗಳಿಗೆ ಸ್ವಲ್ಪ ಕೆಳಗೆ, ಚರ್ಮದ ಸಹಜವಾದ ಗೆರೆಗೆ ಸಮನಾಗಿ ಒಂದು ಕೊಯ್ತ. ಬಳೆಸ್ನಾಯುವನ್ನು ಬಿಡಿಸಿ, ಅದರಲ್ಲಿ ಮೇಲಕ್ಕೇರಿ ಕೂರುತ್ತಿದ್ದ ಭಾಗದ ಕಿರುಪಟ್ಟಿಯೊಂದನ್ನು ತೆಗೆದು, ಹಳದಿಯ ಕೊಬ್ಬನ್ನು ಪಕ್ಕಕ್ಕೆ ಸರಿಸಿದರೆ, ಅದರ ಹಿಂದೆ ಕಳಚಿಬಿದ್ದ ಬಿಳಿಯ ಪದರದ ಅಂಚು ಕಾಣಿಸುತ್ತದೆ. ತಾವು ಹಿಡಿದದ್ದು ಅದೇ ಪದರವೆಂದು ಖಚಿತಪಡಿಸಿಕೊಳ್ಳುವುದಕ್ಕೆ ಶಸ್ತ್ರವೈದ್ಯರು ಮಾಡುವ ಪರೀಕ್ಷೆ ನನಗೆ ಬಹಳ ಹಿಡಿಸಿತು. "ಅಮ್ಮಾ, ಕಾಲಿನ ಕಡೆ ನೋಡಿ, ಈಗ ತಲೆಯ ಕಡೆ ನೋಡಿ" ಎಂದು ಮೇಜಿನ ಮೇಲೆ ಮಲಗಿದವರನ್ನೇ ಕೇಳುತ್ತಾರೆ, ಚಿಮಟದ ತುದಿಯಲ್ಲಿರುವ ಪದರವು ಆ ನೋಟದ ಜೊತೆಗೆ ಕೆಳಕ್ಕೂ ಮೇಲಕ್ಕೂ ಎಳೆಯುವುದು ಕೈಗೆ ತಿಳಿಯುತ್ತದೆ. ರೋಗಿಯು ಎಚ್ಚರದಿಂದಿರುವುದು ಇಲ್ಲಿ ಚಿಕಿತ್ಸೆಯ ಒಂದು ಅಂಗವೇ ಆಗುತ್ತದೆ. ಆ ಅಂಚನ್ನು ತಂದು ಫಲಕದ ಕೆಳ ಅಂಚಿಗೆ ಮೂರು ಹೊಲಿಗೆಗಳಿಂದ ಮತ್ತೆ ಕೂಡಿಸಿದರು.

ಮೇಲುಕೆಳಗಿನ ಬಿಗಿ ಹೀಗೆ ಬಂದ ಮೇಲೆ ಅಡ್ಡದ ಬಿಗಿ. ಕಣ್ಣಿನ ಹೊರಮೂಲೆಯಲ್ಲಿ ಸಣ್ಣ ಕೊಯ್ತ ಮಾಡಿ, ಸಡಿಲವಾದ ರಜ್ಜುವಿನ ಕೆಳಗವಲನ್ನು ಬಿಡಿಸಿ, ಫಲಕದ ತುದಿಯಲ್ಲಿ ನಾಲ್ಕಾರು ಮಿಲಿಮೀಟರಿನಷ್ಟನ್ನು ಚರ್ಮ, ಸ್ನಾಯು, ಕೂದಲಿನ ಬೇರು, ಒಳಪೊರೆ ಇವೆಲ್ಲವನ್ನೂ ಕಳೆದು ಶುಭ್ರವಾದ ಒಂದು ನಾಲಗೆಯಂತೆ ಮಾಡಿಕೊಳ್ಳುತ್ತಾರೆ. ಆ ನಾಲಗೆಯನ್ನು ಕಣ್ಣಿನ ಗೂಡಿನ ಎಲುಬಿನ ಒಳಮೈಯ ಹೊದಿಕೆಗೆ ಗಟ್ಟಿ ದಾರದಿಂದ ಬಿಗಿಯುತ್ತಾರೆ. ಎಲುಬಿನ ಅಂಚಿನ ಹೊರಮೈಗೆ ಬಿಗಿದರೆ ರೆಪ್ಪೆಯ ಮೂಲೆ ಗುಡ್ಡೆಯನ್ನು ಬಿಟ್ಟು ಮುಂದಕ್ಕೆ ನಿಲ್ಲುತ್ತದೆಂದೂ, ಒಳಮೈಗೆ ಬಿಗಿದಾಗಲೇ ಗುಡ್ಡೆಯ ಉರುಟನ್ನು ಅಪ್ಪಿಕೊಳ್ಳುತ್ತದೆಂದೂ ವೈದ್ಯರು ಹೇಳಿದರು. ಕೆಲಸವೆಲ್ಲ ಮುಗಿಯುವುದಕ್ಕೆ ಐವತ್ತು ನಿಮಿಷವಾಯಿತು. ಅದೇ ಸಂಜೆ ಅತ್ತೆ ಮನೆಗೆ ಬಂದರು.

ಬಹಳ ದುರ್ಬಲರಾದವರಿಗೆ, ಹಾಸಿಗೆ ಬಿಟ್ಟು ಏಳಲಾರದವರಿಗೆ, ಮೇಲೆ ಹೇಳಿದ ಮೂರು ಹೊಲಿಗೆಗಳ ಉಪಾಯವೇ ಸಾಕಾಗಬಹುದು. ರೆಪ್ಪೆಯ ಒಳಗಡೆ, ಫಲಕದ ಕೆಳಗಿನಿಂದ ಸೂಜಿಯನ್ನು ಚುಚ್ಚಿ ಎವೆಗೂದಲುಗಳ ಬುಡದ ಬಳಿ ಹೊರತೆಗೆದು ಕಟ್ಟುವ ಈ ಕ್ರಿಯೆಗೆ ಹತ್ತು ನಿಮಿಷ ಸಾಕು. ಆದರೆ ಇದು ಬಹುಕಾಲ ನಿಲ್ಲುವ ಭರವಸೆ ಕಡಿಮೆ. ಹೊಲಿಗೆಗಳನ್ನಷ್ಟೇ ಹಾಕಿದವರನ್ನೂ ಹೊಲಿಗೆಗಳ ಜೊತೆಗೆ ಹೊರಮೂಲೆಯನ್ನು ಬಿಗಿಸಿಕೊಂಡವರನ್ನೂ ಹೋಲಿಸಿ 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಒಂದೂವರೆ ವರ್ಷದೊಳಗೆ ಮೊದಲನೆಯ ಗುಂಪಿನ ಸುಮಾರು ಐವರಲ್ಲಿ ಒಬ್ಬರಿಗೆ ರೆಪ್ಪೆ ಮತ್ತೆ ಹೊರಳಿತು. ಎರಡನೆಯ ಗುಂಪಿನಲ್ಲಿ ಯಾರಿಗೂ ಹೊರಳಲಿಲ್ಲ. ದೇಹಸ್ಥಿತಿ ಅನುಕೂಲವಾಗಿದ್ದವರು ಪೂರ್ಣವಾದ ಚಿಕಿತ್ಸೆಯನ್ನೇ ಮಾಡಿಸಿಕೊಳ್ಳುವುದು ಮೇಲೆಂದು ನಾನು ಹೇಳುವುದಕ್ಕೆ ಇದು ಆಧಾರ.

ಕೇಡುಗಳೇ ಇಲ್ಲವೆಂದು ಹೇಳಿದರೆ ಓದುಗರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕಣ್ಣಿನ ಸುತ್ತ ಕಂದುಗಟ್ಟುವುದು, ಊತ, ಇವು ಎಲ್ಲರಿಗೂ ಬಂದು ಒಂದೆರಡು ವಾರದಲ್ಲಿ ಇಳಿಯುತ್ತವೆ. ಅಪರೂಪವಾಗಿ ಗಾಯ ಕೀವಾಗಬಹುದು. ಬಿಗಿ ಹೆಚ್ಚಾಗಿ ರೆಪ್ಪೆ ಹೊರಕ್ಕೆ ತಿರುಗಬಹುದು. ಬಹು ವಿರಳವಾಗಿ ಕಣ್ಣಿನ ಹಿಂದೆ ರಕ್ತ ಸೋರಿ ದೃಷ್ಟಿಗೇ ಗಂಡಾಂತರ ಬರಬಹುದು. ಆದುದರಿಂದ ಶಸ್ತ್ರಕ್ರಿಯೆಯಾದ ಮೇಲೆ ತೀವ್ರವಾದ ನೋವು, ಕಣ್ಣು ಮುಂದಕ್ಕೆ ಉಬ್ಬುವುದು, ನೋಟ ಮಂಜಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಉಳಿದಂತೆ ಪಥ್ಯ ಸರಳ: ಮೊದಲೆರಡು ದಿನ ತಣ್ಣನೆಯ ಬಟ್ಟೆಯ ಒತ್ತಡ, ತಲೆಯನ್ನು ಎತ್ತರಿಸಿ ಮಲಗುವುದು, ಹೇಳಿದಷ್ಟು ದಿನ ಮುಲಾಮು, ಕಣ್ಣುಜ್ಜದಿರುವುದು. ಅತ್ತೆಯವರ ಚರ್ಮದ ಹೊಲಿಗೆಗಳನ್ನು ಏಳನೆಯ ದಿನ ತೆಗೆದರು. ಮೂರನೆಯ ವಾರ ನಾನು ಹೋದಾಗ ಅವರು ಜಗಲಿಯ ಮೂಲೆಯನ್ನು ಬಿಟ್ಟು ಅಂಗಳದ ಬಿಸಿಲಿನಲ್ಲಿ ಕುಳಿತು ಅಡಕೆ ಸುಲಿಯುತ್ತಿದ್ದರು. ಕಣ್ಣಿನ ಮೂಲೆಯಲ್ಲಿ ಒಂದು ಸಣ್ಣ ಕೆಂಪು ಗೆರೆಯಿತ್ತು. ಅದೂ ಈಗ ನೆರಿಗೆಗಳಲ್ಲಿ ಸೇರಿಹೋಗಿದೆ.

ಕಣ್ಣಿನ ಪೊರೆಯ ವಿಷಯ ನಮ್ಮ ನಾಡಿನಲ್ಲಿ ಇಂದು ತಿಳಿಯದವರಿಲ್ಲ. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ಹೂಡಿ ಅಸಂಖ್ಯ ಜನರಿಗೆ ಪೊರೆ ತೆಗೆದು ದೃಷ್ಟಿ ಕೊಟ್ಟ ಮೇಲೆ, ಪೊರೆಗೆ ಶಸ್ತ್ರಚಿಕಿತ್ಸೆ ಉಂಟೆಂಬ ಅರಿವು ಹಳ್ಳಿಯ ಕೊನೆಯ ಮನೆಗೂ ಮುಟ್ಟಿತು. ಬೆಂಗಳೂರಿನಲ್ಲಿ 1913ರಿಂದ ತನ್ನ ಈಗಿನ ಕಟ್ಟಡದಲ್ಲಿ ನಡೆದುಬಂದಿರುವ ಮಿಂಟೋ ಕಣ್ಣಾಸ್ಪತ್ರೆಯ ಹೆಸರನ್ನು ಕೇಳದವರೂ ವಿರಳ. ಆದರೆ ರೆಪ್ಪೆಗೂ ಚಿಕಿತ್ಸೆ ಉಂಟೆಂಬ ಅರಿವು ಇನ್ನೂ ಆ ಮನೆಗಳಿಗೆ ಮುಟ್ಟಿಲ್ಲ. ಇದರಿಂದ ಆಗುವ ಒಂದು ಅಪಾಯವನ್ನು ಹೇಳಲೇಬೇಕು. ರೆಪ್ಪೆ ಹೊರಳಿ, ಪಿಸುರು ಕಟ್ಟಿ, ರೋಗಾಣುಗಳಿಗೆ ಮನೆಯಾದ ಕಣ್ಣಿಗೆ ಪೊರೆಯ ಶಸ್ತ್ರಕ್ರಿಯೆಯನ್ನು ಮಾಡಿದರೆ ಸೋಂಕು ಕಣ್ಣುಗುಡ್ಡೆಯ ಒಳಕ್ಕೇ ಹೋಗುವ ಭಯವಿದೆ. ಮೊದಲು ರೆಪ್ಪೆ, ಅದು ಮಾಗಿದ ಮೇಲೆ ಪೊರೆ, ಎಂಬುದು ಶಾಸ್ತ್ರಸಮ್ಮತವಾದ ಕ್ರಮ. ಶಿಬಿರಗಳಲ್ಲಿ ಪೊರೆಗಾಗಿ ಬಂದವರ ಕೆಳರೆಪ್ಪೆಯನ್ನೂ ಒಮ್ಮೆ ನೋಡಿ ಗುರುತುಹಾಕಿಕೊಂಡು, ರೆಪ್ಪೆಯ ಶಸ್ತ್ರಕ್ರಿಯೆ ಬಲ್ಲವರಿರುವ ಆಸ್ಪತ್ರೆಗೆ ಕಳುಹಿಸುವ ಏರ್ಪಾಡನ್ನು ಶಿಬಿರ ನಡೆಸುವವರು ಮಾಡಿಕೊಂಡರೆ, ಅದಕ್ಕೆ ಬೇಕಾಗುವುದು ಒಂದು ಸಣ್ಣ ಬ್ಯಾಟರಿ ದೀಪ ಮತ್ತು ಒಂದು ನಿಮಿಷದ ತಾಳ್ಮೆ ಮಾತ್ರ.

ಓದುಗರಲ್ಲಿ ನನ್ನದು ಒಂದೇ ವಿಜ್ಞಾಪನೆ. ನಿಮ್ಮ ಮನೆಯಲ್ಲಿ ಕಣ್ಣು ಸೋರುವ ಹಿರಿಯರಿದ್ದರೆ ನಾಳೆ ಬೆಳಿಗ್ಗೆ ಅವರನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ತೆರೆಯಲು ಹೇಳಿ, ಕೆಳರೆಪ್ಪೆಯ ಕೂದಲುಗಳು ಹೊರಗೆ ಕಾಣುತ್ತವೆಯೇ ಎಂದು ನೋಡಿರಿ. ಕಾಣದಿದ್ದರೆ ಆ ವಾರದಲ್ಲಿಯೇ ಅವರನ್ನು ನೇತ್ರವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.